ಹೊಲದ ನಡುವಿನ ಕೆಂಪು ಬೆಳಕು

ಹೊರ್ತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸಂಘಮಿತ್ರಾಗೆ ಆ ಮೋಡದ ಹುಚ್ಚು ಹಿಡಿದಿತ್ತು. ಆರಿದ್ರಾ ನಕ್ಷತ್ರದ ಎಡಕ್ಕೆ, ಬರಿಗಣ್ಣಿಗೆ ಏನೂ ಕಾಣದ ಕಡೆ, ಗುಲಾಬಿಯಂತೆ ಅರಳಿದ ಕೆಂಪು ಮೋಡವೊಂದಿದೆ. ಅದರ ಒಡಲಲ್ಲಿ ಇನ್ನೂ ಹರೆಯದ ನಕ್ಷತ್ರಗಳ ಗುಂಪು. ಅವುಗಳ ಉರಿಗೇ ಮೋಡ ಹೊಳೆಯುತ್ತದೆ. ಅದರ ಫೋಟೊಕ್ಕೆ ಕಗ್ಗತ್ತಲೆ ಬೇಕು. ಅದಕ್ಕೇ ಫೆಬ್ರುವರಿಯ ಅಮಾವಾಸ್ಯೆಯ ಸಂಜೆ, ಅತ್ತೆ ಗುಂಡವ್ವನನ್ನು ಜೊತೆಗೆ ಕರೆದುಕೊಂಡು ಅಗರಖೇಡದ ಆಚೆ ಪರಿಚಯದವರ ಹೊಲಕ್ಕೆ ಕಾರಿನಲ್ಲಿ ಬಂದಿದ್ದಳು.

ದುರ್ಬೀನಿಗೆ ಜೋಡಿಸಿದ ಕ್ಯಾಮೆರಾ ಕಣ್ಣು ತೆರೆದಿತ್ತು. ಬೇರೆ ಬೆಳಕು ತಾಗಿದರೆ ಚಿತ್ರ ಕೆಡುತ್ತದೆಂದು ದುರ್ಬೀನಿನ ಬಳಿ ಸಣ್ಣ ಕೆಂಪು ದೀಪವೊಂದನ್ನೇ ಇಟ್ಟಿದ್ದಳು.

ಇದ್ದಕ್ಕಿದ್ದಂತೆ ಬ್ಯಾಟರಿಗಳ ಬೆಳಕು ಮುಖಕ್ಕೆ ರಾಚಿತು. ಏಳೆಂಟು ಗಂಡಸರು, ಕೈಯಲ್ಲಿ ಬಡಿಗೆ.

"ಯಾವೂರವರು? ಯಾರ ಪೈಕಿ? ಅಮಾಸಿ ದಿನ ಕೆಂಪ ದೀಪ ಹಚ್ಚಿ ಏನ ಮಾಡಾಕತ್ತೀರಿ? ನನ್ನ ಮಗಳೆಲ್ಲಿ?" ಮುಂದಿದ್ದವನ ದನಿ ನಡುಗುತ್ತಿತ್ತು. ಅವನ ಹೆಸರು ದುಂಡೇಶ. ಹೊತ್ತು ಮುಳುಗಿದಾಗಿನಿಂದ ಅವನ ಮಗಳು ಮುಕ್ತಾ ಕಾಣುತ್ತಿರಲಿಲ್ಲ. ಮಕ್ಕಳ ಕಳ್ಳರ ಸುದ್ದಿಯಂತೂ ವಾರದಿಂದ ಊರವರ ಮೊಬೈಲುಗಳಲ್ಲಿ ಹರಿದಾಡುತ್ತಿತ್ತು.

ದುರ್ಬೀನಿನ ಉದ್ದನೆಯ ಪೆಟ್ಟಿಗೆಯನ್ನು ಒಬ್ಬ ಒದ್ದು ತೆರೆದ. ಖಾಲಿ. ಇನ್ನೊಬ್ಬ ಲ್ಯಾಪ್‌ಟಾಪಿನ ಪರದೆಯಲ್ಲಿ ಮೂಡುತ್ತಿದ್ದ ಕೆಂಪು ಮೋಡ ಕಂಡು ಚೀರಿದ: "ರಗತ ಐತಲೇ ಇದರಾಗ!"

ದುಂಡೇಶನ ಬಡಿಗೆ ಮೇಲೆದ್ದಿತು. ಗುಂಡವ್ವ ನಡುವೆ ಬಂದು ನಿಂತಳು. "ಮದಲ ನನ್ನ ಹೊಡಿ. ಸಾಲಿ ಅಕ್ಕಾರ ಈಕಿ. ಚುಕ್ಕಿ ನೋಡಾಕ ಬಂದಾಳ."

ನಕ್ಷತ್ರದ ಮಾತು ಈಗ ಯಾರ ಕಿವಿಗೂ ಬೀಳುವುದಿಲ್ಲವೆಂದು ಸಂಘಮಿತ್ರಾಗೆ ಗೊತ್ತಾಯಿತು.

"ಅಣ್ಣಾರ, ನಿಮ್ಮ ಬ್ಯಾಟರಿ ಸಾಲಂಗಿಲ್ಲ. ಕಾರಿನ ಲೈಟ್ ಹಚ್ಚಿ ಹುಡುಕೋಣು."

"ಓಡಿ ಹೋಗಾಕೇನು?" ದುಂಡೇಶ ಗದರಿದ.

"ನೀವೂ ಬಾಜೂಕ ಕೂಡ್ರಿ."

"ನಾ ಇಲ್ಲೇ ಇರ್ತೇನಿ," ಎಂದು ಗುಂಡವ್ವ ಆ ಗಂಡಸರ ನಡುವೆಯೇ ನೆಲಕ್ಕೆ ಕುಳಿತಳು. "ನನ್ನ ಸೊಸಿ ನನ್ನ ಬಿಟ್ಟು ಓಡಾಕಿ ಅಲ್ಲ."

ದುಂಡೇಶ ಬಡಿಗೆ ಸಮೇತ ಕಾರಿನಲ್ಲಿ ಸಂಘಮಿತ್ರಾಳ ಪಕ್ಕ ಕುಳಿತ. ದೀಪ ಹಾಕಿದೊಡನೆ ಹೊಲವೆಲ್ಲ ಬೆಳ್ಳಗಾಯಿತು. ಅಂದಿನ ಚಿತ್ರ ಅಲ್ಲಿಗೇ ಮುಗಿಯಿತು. ಬದುವಿನ ಗುಂಟ ಕಾರು ತೆವಳಿತು. ಅತ್ತೆಯನ್ನು ಯಾರ ಕೈಗೆ ಬಿಟ್ಟು ಬಂದೆ ಎಂಬ ದಿಗಿಲಿಗೆ ಸಂಘಮಿತ್ರಾಳ ಕಾಲು ಕ್ಲಚ್ಚಿನಿಂದ ಜಾರಿ ಎರಡು ಸಲ ಕಾರು ನಿಂತುಹೋಯಿತು.

ಜೋಳದ ಕಣಿಕೆಯ ಮೂರನೆಯ ಬಣವೆಯ ಮರೆಯಲ್ಲಿ ಹಸಿರು ಲಂಗ ಕಂಡಿತು. ಕಾರು ನಿಲ್ಲುವ ಮುಂಚೆಯೇ ದುಂಡೇಶ ಹಾರಿದ.

"ಕೆಂಪ ದೀಪ ನೋಡಾಕ ಬಂದಿದ್ನೆಪ್ಪಾ," ಹುಡುಗಿ ಬಿಕ್ಕಿದಳು. "ನೀವೆಲ್ಲಾ ಒದರೂದು ಕೇಳಿ ಅಂಜಿ ಕುಂತೆ."

ಮಗಳನ್ನು ಎತ್ತಿಕೊಂಡು ಬಂದ ದುಂಡೇಶ ಗುಂಡವ್ವನ ಮುಂದೆ ತಲೆ ತಗ್ಗಿಸಿದ. "ತಪ್ಪಾತವ್ವಾ."

"ಹೊಡದಿದ್ದಿ ಅಂದ್ರ?" ಗುಂಡವ್ವ ಕೇಳಿದಳು. ಸಂಘಮಿತ್ರಾ, ಇರಲಿ ಬಿಡ್ರಿ ಎನ್ನಲಿಲ್ಲ. ಸಾಮಾನು ಕಟ್ಟಿದಳು.

ಮುಂದಿನ ಅಮಾವಾಸ್ಯೆಗೆ ಅವಳು ಹಗಲಲ್ಲೇ ಅಗರಖೇಡಕ್ಕೆ ಹೋಗಿ, ರಾತ್ರಿ ಏನು ಮಾಡುತ್ತೇನೆಂದು ಹತ್ತು ಜನರೆದುರು ಹೇಳಿ, ಸಂಜೆ ಅದೇ ಹೊಲದಲ್ಲಿ ದುರ್ಬೀನು ನಿಲ್ಲಿಸಿದಳು. ಚಿತ್ರ ಮೂಡಿದಾಗ ಮುಕ್ತಾ ಮೋಡದ ನಡುವಿನ ನಕ್ಷತ್ರಗಳಿಗೆ ಬೆರಳಿಟ್ಟಳು.

"ಇವೂ ಸಣ್ಣ ಹುಡುಗೂರೇನ್ರಿ ಅಕ್ಕಾರ?"

"ಹೂಂನವ್ವಾ," ಎಂದಳು ಸಂಘಮಿತ್ರಾ. "ಇನ್ನೂ ಹುಟ್ಟಿದ ಮನಿ ಬಿಟ್ಟಿಲ್ಲ."