ಏಳನೆಯ ಸಾಲಿನ ಹಂಸಪಾದ

ಬೆಳಿಗ್ಗೆ ಹತ್ತು ನಲವತ್ತಕ್ಕೆ, ಸರ್ಕಾರಿ ಮುದ್ರಣಾಲಯದ ಮೂರನೇ ಕೋಣೆಯಲ್ಲಿ, ಕರಡು ಓದುವ ಹೆಂಗಸು ಹಾಳೆಯಲ್ಲಿ ಇಲ್ಲದ ಒಂದು ಪದವನ್ನು ಓದಿದಳು.

ಆ ಕೋಣೆಯಲ್ಲಿ ಕೆಲಸ ನಡೆಯುವುದು ಇಬ್ಬರಿಂದ. ಒಬ್ಬರು ಮೂಲ ಪ್ರತಿಯನ್ನು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಚ್ಚಿನ ಕರಡನ್ನು ಮುಂದಿಟ್ಟುಕೊಂಡು, ಕಿವಿಗೆ ಬಿದ್ದದ್ದೂ ಕಣ್ಣಿಗೆ ಕಂಡದ್ದೂ ತಾಳೆಯಾಗುತ್ತದೆಯೇ ಎಂದು ನೋಡಿ ತಿದ್ದಬೇಕು. ಓದುವವರ ಕೈಯಲ್ಲಿ ಪೆನ್ನು ಇರುವಂತಿಲ್ಲ. ಓದುವಾಗ ರಾಗ ಕೂಡದು, ಅವಸರ ಕೂಡದು, ವಿರಾಮ ಚಿಹ್ನೆಗಳ ಹೆಸರನ್ನೂ ಹೇಳುತ್ತ ಇದ್ದದ್ದನ್ನು ಇದ್ದಹಾಗೆ ಓದಬೇಕು. ಹತ್ತೊಂಬತ್ತು ವರ್ಷ ಅವಳು ಹಾಗೆಯೇ ಓದಿದ್ದಳು. ಮುದ್ರಣಾಲಯದಲ್ಲಿ ಎಲ್ಲರಿಗೂ ಅವಳು ಅಕ್ಕ. ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವರಾದ ತಿದ್ದುವವರಿಗೂ ಅಕ್ಕನೇ. ಅವರು ಇಲ್ಲಿಗೆ ಬರುವ ಮುಂಚೆ ಶಾಲೆಯಲ್ಲಿದ್ದವರು. ಹಾಗಾಗಿ ಮೇಷ್ಟ್ರು.

ಅಂದು ಓದುತ್ತಿದ್ದದ್ದು ಸ್ಥಾಪನಾ ಪತ್ರ. ದೇಶ ಕಟ್ಟಿದವರು ಸೇರಿ ಬರೆದ ಹನ್ನೊಂದು ಸಾಲು. ಪ್ರತಿ ವರ್ಷ ಶಾಲಾ ಪುಸ್ತಕಗಳ ಮೊದಲ ಪುಟದಲ್ಲಿ ಅದು ಅಚ್ಚಾಗುತ್ತದೆ, ಪ್ರತಿ ವರ್ಷ ಹೊಸದಾಗಿ ಕರಡು ತಿದ್ದಲಾಗುತ್ತದೆ. ಏಳನೆಯ ಸಾಲನ್ನು ಅವಳು ಹೀಗೆ ಓದಿದಳು: "ಇಲ್ಲಿ ಪ್ರತಿ ಪ್ರಜೆಯೂ ಹೆದರದೆ ಪ್ರಶ್ನೆ ಕೇಳಬಹುದು, ಪೂರ್ಣವಿರಾಮ."

ಮೇಷ್ಟ್ರ ಕೆಂಪು ಪೆನ್ನು ನಿಂತಿತು. "ಅಕ್ಕ, ಇನ್ನೊಂದ್ಸಲ."

ಅವಳು ಓದಲು ಹೋಗಿ ತಡೆದಳು. ಕೈಯಲ್ಲಿದ್ದ ಮೂಲ ಪ್ರತಿಯಲ್ಲಿ ಐದೇ ಪದಗಳಿದ್ದವು. ಇಲ್ಲಿ ಪ್ರತಿ ಪ್ರಜೆಯೂ ಪ್ರಶ್ನೆ ಕೇಳಬಹುದು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೆರೆದ ಗುರುತಿಲ್ಲ, ಒರೆಸಿದ ಗುರುತಿಲ್ಲ. ಪದಗಳ ನಡುವಿನ ಅಂತರವೂ ಎಲ್ಲ ಕಡೆ ಒಂದೇ ಅಳತೆ.

"ಇದರಲ್ಲೂ ಇಲ್ಲ, ಮೇಷ್ಟ್ರೇ."

"ಕರಡಲ್ಲೂ ಇಲ್ಲ. ಮತ್ತೆ ನಿನಗೆಲ್ಲಿ ಸಿಕ್ತು?"

"ಬಾಯಿಗೆ ಬಂತು."

"ಬಾಯಿಗೆ ಬಂದದ್ದೆಲ್ಲ ಓದೋದಾದರೆ ಮೂಲ ಪ್ರತಿ ಯಾಕಮ್ಮ, ನಿನ್ನ ಬಾಯನ್ನೇ ಅಚ್ಚು ಹಾಕಿಸಬಹುದಲ್ಲ" ಎಂದು ಮೇಷ್ಟ್ರು ನಕ್ಕರು. "ಓದು, ಇದ್ದದ್ದು ಓದು."

ಅವಳು ಐದು ಪದ ಓದಿದಳು. ಮೇಷ್ಟ್ರಿಗೆ ಒಂದು ಅಭ್ಯಾಸ. ಎಡಗೈಯಲ್ಲಿ ಒಂದು ಮೊಂಡು ಪೆನ್ಸಿಲ್ ಹಿಡಿದು, ಕೇಳಿದ ಪ್ರತಿ ಪದಕ್ಕೂ ಮೇಜಿನ ಮೇಲೆ ಒಮ್ಮೆ ಮೆಲ್ಲಗೆ ಕುಟ್ಟುತ್ತಿದ್ದರು. ಅವರು ಕುಳಿತ ಕಡೆ ಮೇಜಿನ ಮರ ಕಡಲೆಕಾಳಿನಷ್ಟು ಗುಳಿ ಬಿದ್ದಿತ್ತು. ಅವಳು ಐದು ಪದ ಓದಿ ನಿಲ್ಲಿಸುವಷ್ಟರಲ್ಲಿ ಪೆನ್ಸಿಲ್ ಆರು ಸಲ ಕುಟ್ಟಿತ್ತು. ನಾಲ್ಕನೆಯ ಸಲ ಕುಟ್ಟಿದಾಗ ಅವಳ ಬಾಯಲ್ಲಿ ಪದವೇ ಇರಲಿಲ್ಲ.

ಇಬ್ಬರೂ ಪೆನ್ಸಿಲ್ ನೋಡಿದರು. ಮೇಷ್ಟ್ರು ಅದನ್ನು ಖಾನೆಯೊಳಗೆ ಹಾಕಿ ಖಾನೆ ಮುಚ್ಚಿದರು.

ಮಧ್ಯಾಹ್ನದ ಊಟ ಬಿಟ್ಟು ಅವರು ಹಳೆಯ ಕಡತ ತೆಗೆದರು. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಹೀಗೆ ಹಿಂದಕ್ಕೆ ಹದಿನೆಂಟು ಕರಡು. ಎಲ್ಲದರಲ್ಲೂ ಏಳನೆಯ ಸಾಲಿಗೆ ಐದೇ ಪದ. ಎಲ್ಲದರ ಕೆಳಗೂ ಒಂದು ಚೀಟಿ ಅಂಟಿಸಿತ್ತು: 'ಓದಿದಂತೆ ತಿದ್ದಿದೆ.' ಚೀಟಿಯಲ್ಲಿ ಎರಡು ಸಹಿ. ಒಂದು ಮೇಷ್ಟ್ರದು, ಒಂದು ಅವಳದು. ತನ್ನ ಸಹಿಯ ಕೊನೆಯ ಅಕ್ಷರದ ಬಾಲ ಕೆಳಕ್ಕೆ ಬಾಗುವ ರೀತಿಯನ್ನು ಅವಳು ಪ್ರತಿಯೊಂದರಲ್ಲೂ ನೋಡಿದಳು. ಸಂದೇಹಕ್ಕೆ ಎಡೆ ಇರಲಿಲ್ಲ.

"ನಾನು ಪ್ರತಿ ವರ್ಷ ಆ ಪದ ಓದಿದ್ದೀನಿ ಮೇಷ್ಟ್ರೇ. ನೀವು ಕೇಳಿದ್ದೀರಿ."

ಮೇಷ್ಟ್ರು ಕಡತದ ದಾರ ಕಟ್ಟುತ್ತಿದ್ದರು. "ನನಗೆ ಇನ್ನೆರಡು ತಿಂಗಳು ಕೆಲಸ ಇದೆ, ಅಕ್ಕ" ಎಂದರು. ಅದು ಉತ್ತರವೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ.

ಹಳೆಯ ಕಡತ ತೆಗೆದ ಸುದ್ದಿ ಮುಟ್ಟಿ, ಮೂರು ಗಂಟೆಗೆ ಮೇಲ್ವಿಚಾರಕರು ಕರೆದರು. ಐವತ್ತರ ಒಳಗಿನ, ಮೆತ್ತಗಿನ ಮಾತಿನ ಮನುಷ್ಯ. ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ, ಪತ್ರದ ಮೊದಲ ಪ್ರತಿ ಇತ್ತು. ಅವಳ ಕೈಯಲ್ಲಿದ್ದ ಮೂಲ ಪ್ರತಿ ತಯಾರಾದದ್ದು ಅದರಿಂದಲೇ. ಅವರು ಅವಳನ್ನು ಎಬ್ಬಿಸಿ ಹತ್ತಿರ ಕರೆದು ತೋರಿಸಿದರು. ಐದು ಪದ.

"ಒಂದು ಪದ ತೆಗೀಬೇಕಾದರೆ ಆದೇಶ ಬೇಕು, ಅಕ್ಕ. ನಾನು ದಾಖಲೆ ಕೋಣೆಗೆ ಕೇಳಿದೆ. ಆದೇಶ ಇಲ್ಲ. ಆದೇಶ ಇಲ್ಲ ಅಂದ ಮೇಲೆ ಯಾರೂ ತೆಗೆದಿಲ್ಲ. ಯಾರೂ ತೆಗೆದಿಲ್ಲ ಅಂದ ಮೇಲೆ ಅದು ಇರಲೇ ಇಲ್ಲ. ಸರಿ ತಾನೆ?"

"ಲೆಕ್ಕ ಸರಿ ಇದೆ, ಸಾರ್."

"ನಾಳೆ ಹನ್ನೊಂದಕ್ಕೆ ಎರಡನೇ ಓದು. ನಾನೇ ಬಂದು ಕೂತ್ಕೋತೀನಿ. ಇದ್ದಂಗೆ ಓದಿ, ಚೀಟಿಗೆ ಸಹಿ ಹಾಕಿ. ಮತ್ತೆ ತಪ್ಪಾದರೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸಬೇಕಾಗುತ್ತೆ. ಕಣ್ಣು ಸರಿಯಿದ್ದರೆ..." ಎಂದು ಅವರು ತಮ್ಮ ಹಣೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಸಿಟ್ಟಿನಿಂದಲ್ಲ. "ಓದೋರಿಗೆ ಇಲ್ಲದ್ದು ಕಾಣೋಕೆ ಶುರುವಾದರೆ ಆ ಕುರ್ಚಿಯಲ್ಲಿ ಕೂರಿಸೋ ಹಾಗಿಲ್ಲ. ನಿಮಗೇ ಗೊತ್ತು."

ಅವಳಿಗೆ ಗೊತ್ತಿತ್ತು. ಅವಳು ಬರುವ ಮೊದಲು ಆ ಕುರ್ಚಿಯಲ್ಲಿದ್ದವನು ಸಾಲು ಹಾರಿಸಿ ಓದತೊಡಗಿದ್ದಕ್ಕೇ ಮನೆಗೆ ಹೋಗಿದ್ದ. ಆದರೆ ಸಂಜೆ ಮನೆಯ ದಾರಿಯುದ್ದಕ್ಕೂ ಅವಳನ್ನು ಕಾಡಿದ್ದು ಕುರ್ಚಿಯ ಚಿಂತೆಯಲ್ಲ. ಹತ್ತೊಂಬತ್ತು ವರ್ಷದಲ್ಲಿ ಓದದ್ದನ್ನು ಓದಿದೆ ಎಂದು ಅವಳು ಒಂದು ಚೀಟಿಗೂ ಸಹಿ ಹಾಕಿದವಳಲ್ಲ. ಈಗ ಅಂಥ ಹದಿನೆಂಟು ಚೀಟಿ ಕಡತದಲ್ಲಿದ್ದವು. ಇಲ್ಲವೇ ಅವಳ ತಲೆ ಕೆಟ್ಟಿತ್ತು. ಎರಡರಲ್ಲಿ ಒಂದು.

ಮನೆಯಲ್ಲಿ ಗಂಡ, ಬೆಳಗಿನ ಪಾಳಿ ಮುಗಿಸಿ ಬಂದ ಬಸ್ ಚಾಲಕ, ಕಾಲು ಚಾಚಿ ಕುಳಿತಿದ್ದ. ಎಲ್ಲ ಕೇಳಿ, "ಹೆದರದೆ ಅನ್ನೋ ಪದ ನಿನಗ್ಯಾಕೆ? ಹಲ್ಲಿ ಬಿಟ್ಟರೆ ನೀನು ಯಾರಿಗೆ ಹೆದರಿದ್ದೀಯ?" ಎಂದ. ಅವಳು ನಗದಿದ್ದುದನ್ನು ಕಂಡು ದನಿ ತಗ್ಗಿಸಿದ. "ನೋಡು, ಆ ಪದ ಇಲ್ಲದಿದ್ದರೂ ಅರ್ಥ ಏನೂ ಕೆಟ್ಟಿಲ್ವಲ್ಲ."

"ಅದೇ ಭಯ. ಅರ್ಥ ಕೆಟ್ಟಿದ್ದರೆ ಯಾರಿಗಾದರೂ ಗೊತ್ತಾಗ್ತಿತ್ತು."

ಅವಳು ಮಂಚದ ಕೆಳಗಿನ ಟ್ರಂಕು ಎಳೆದಳು. ಅದರ ತಳದಲ್ಲಿ ಅವಳ ನಾಲ್ಕನೇ ತರಗತಿಯ ಭಾಷಾ ಪುಸ್ತಕ ಇತ್ತು. ಅಪ್ಪ ಹಾಕಿಕೊಟ್ಟ ಕಂದು ರಟ್ಟು, ರಟ್ಟಿನ ಮೇಲೆ ಅವಳ ಹೆಸರು, ತರಗತಿ, ಹಾಜರಿ ಸಂಖ್ಯೆ. ಮೊದಲ ಪುಟದಲ್ಲಿ ಪತ್ರ. ಏಳನೆಯ ಸಾಲು: ಇಲ್ಲಿ ಪ್ರತಿ ಪ್ರಜೆಯೂ ಪ್ರಶ್ನೆ ಕೇಳಬಹುದು.

ಪುಸ್ತಕ ಮುಚ್ಚುವ ಮೊದಲು ಅವಳ ಕಣ್ಣು ಅಂಚಿಗೆ ಹೋಯಿತು. ಆ ಕಾಲದಲ್ಲಿ ಟೀಚರ್ ಕಠಿಣ ಪದಗಳ ಅರ್ಥವನ್ನು ಪುಟದ ಪಕ್ಕದಲ್ಲೇ ಬರೆಸುತ್ತಿದ್ದರು. ಪದದಿಂದ ಅಂಚಿನವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಗೆರೆಯ ತುದಿಯಲ್ಲಿ ಅರ್ಥ. ಎರಡನೆಯ ಸಾಲಿನ 'ಸಮ್ಮತಿ'ಯಿಂದ ಒಂದು ಗೆರೆ ಹೊರಟು 'ಒಪ್ಪಿಗೆ' ಎಂಬಲ್ಲಿ ಮುಗಿದಿತ್ತು. ಐದನೆಯ ಸಾಲಿನ 'ನ್ಯಾಸ'ಕ್ಕೆ 'ನಂಬಿ ಒಪ್ಪಿಸಿದ್ದು'. ಏಳನೆಯ ಸಾಲಿಗೂ ಒಂದು ಗೆರೆ ಇತ್ತು. ಅಂಚಿನಲ್ಲಿ, ಗುಂಡು ಗುಂಡಾದ ಅವಳದೇ ಅಕ್ಷರದಲ್ಲಿ, 'ಅಂಜದೆ' ಎಂದಿತ್ತು. ಗೆರೆಯನ್ನು ಹಿಡಿದು ಬೆರಳು ಹಿಂದಕ್ಕೆ ಸರಿಸಿದಳು. ಅದು 'ಪ್ರಜೆಯೂ' ಮತ್ತು 'ಪ್ರಶ್ನೆ'ಯ ನಡುವಿನ ಬಿಳಿಯಲ್ಲಿ ನಿಂತಿತು. ಅಲ್ಲಿ ಯಾವ ಪದವೂ ಇರಲಿಲ್ಲ.

"ಏನಾಯ್ತೇ?" ಎಂದ ಗಂಡ.

ಅವಳು ಪುಸ್ತಕ ತೋರಿಸಿದಳು. ಅವನು ನೋಡಿದ, ಎದ್ದು ಹೋಗಿ ಮುಂಬಾಗಿಲಿನ ಚಿಲಕ ಹಾಕಿ ಬಂದ. ಮತ್ತೆ ತಮಾಷೆ ಮಾಡಲಿಲ್ಲ.

ಮರುದಿನ ಮಗಳನ್ನು ಶಾಲೆಗೆ ಬಿಡಲು ಅವಳೇ ಹೋದಳು. ಮಗಳೂ ಈಗ ನಾಲ್ಕನೇ ತರಗತಿ. ಅಂಗಳದಲ್ಲಿ ಆರುನೂರು ಮಕ್ಕಳು ಸಾಲಾಗಿ ನಿಂತು ಪತ್ರ ಹೇಳಲು ಶುರು ಮಾಡಿದರು. ಮುಂದೆ ನಿಂತ ಟೀಚರ್ ಕೈಯಾಡಿಸುತ್ತ ತಾಳ ಕೊಡುತ್ತಿದ್ದರು. ಅವಳು ಗೇಟಿನ ಹೊರಗೆ ನಿಂತು, ಕೆಲಸದಲ್ಲಿ ಕೇಳುವ ಹಾಗೆ, ಪದ ಎಣಿಸುತ್ತ ಕೇಳಿದಳು. "ಇಲ್ಲಿ ಪ್ರತಿ ಪ್ರಜೆಯೂ" ಎಂದು ಆರುನೂರು ದನಿ ಹೇಳಿತು. ಆಮೇಲೆ ಆರುನೂರು ದನಿಯೂ ನಿಂತಿತು. ಟೀಚರ ಕೈ ಮೇಲೆಯೇ ಉಳಿಯಿತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ನಾಲ್ಕು ಅಕ್ಷರ ಹೇಳಲು ಬೇಕಾಗುವಷ್ಟು ಹೊತ್ತು, ಅಷ್ಟೇ. ಕೈ ಇಳಿಯಿತು. "ಪ್ರಶ್ನೆ ಕೇಳಬಹುದು."

ಸಾಲು ಬಿಟ್ಟಮೇಲೆ ಮಗಳು ಮರೆತ ಊಟದ ಡಬ್ಬಿಗಾಗಿ ಓಡಿಬಂದಳು.

"ಏಳನೇ ಸಾಲಲ್ಲಿ ನಡುವೆ ಯಾಕೆ ನಿಲ್ಲಿಸ್ತೀರಿ, ಪುಟ್ಟಿ?"

"ಎಲ್ಲಮ್ಮ? ನಾವು ನಿಲ್ಲಿಸಲ್ಲ."

"ಈಗ ನಿಲ್ಲಿಸಿದ್ರಲ್ಲ."

"ಇಲ್ಲಪ್ಪ" ಎಂದು ಮಗಳು ತಾನೇ ಹೇಳಿ ತೋರಿಸಿದಳು. ನಡುವೆ ನಿಂತಳು. ತುಟಿ ಅರೆತೆರೆದು, ಕಣ್ಣು ಎಲ್ಲಿಯೂ ನೆಡದೆ, ನಾಲ್ಕಕ್ಷರದಷ್ಟು ಹೊತ್ತು. ಮತ್ತೆ ಮುಗಿಸಿ, "ನೋಡಿದ್ಯಾ? ಒಂದೇ ಉಸಿರಿಗೆ" ಎಂದು ಡಬ್ಬಿ ಕಸಿದುಕೊಂಡು ಓಡಿದಳು.

ಹನ್ನೊಂದಕ್ಕೆ ಎರಡನೇ ಓದು ಆರಂಭವಾಯಿತು. ಮೇಲ್ವಿಚಾರಕರು ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು, ಮಡಿಲಲ್ಲಿ ಒಂದು ಬರೆಯುವ ಪುಸ್ತಕ ಇಟ್ಟುಕೊಂಡಿದ್ದರು. ಮೇಷ್ಟ್ರ ಎಡಗೈ ಮೇಜಿನ ಮೇಲೆ ಬರಿದಾಗಿ ಮಲಗಿತ್ತು. ಅವಳು ಮೊದಲ ಸಾಲಿನಿಂದ ಓದಿದಳು. ರಾಗವಿಲ್ಲದೆ, ಅವಸರವಿಲ್ಲದೆ, ಅಲ್ಪವಿರಾಮಕ್ಕೆ ಅಲ್ಪವಿರಾಮ ಎನ್ನುತ್ತ. ಆರು ಸಾಲು ಮುಗಿಯಿತು.

"ಸಾಲು ಏಳು. ಇಲ್ಲಿ ಪ್ರತಿ ಪ್ರಜೆಯೂ ಹೆದರದೆ ಪ್ರಶ್ನೆ ಕೇಳಬಹುದು, ಪೂರ್ಣವಿರಾಮ."

ದನಿ ಒಂದಿಷ್ಟೂ ಏರಲಿಲ್ಲ. ಹತ್ತೊಂಬತ್ತು ವರ್ಷ ಓದಿದ ಹಾಗೇ ಇತ್ತು.

"ಅಕ್ಕ, ಹಾಳೇಲಿ ಇಲ್ಲದ್ದು ಓದಿದ್ರಿ" ಎಂದರು ಮೇಲ್ವಿಚಾರಕರು.

"ಹೌದು ಸಾರ್."

"ಬಾಯಿತಪ್ಪಾ?"

"ನಿನ್ನೆ ಬಾಯಿತಪ್ಪು. ಇವತ್ತು ಅಲ್ಲ."

"ಹಾಗಾದರೆ ಬರ್ಕೊಬೇಕಾಗುತ್ತೆ."

"ಬರ್ಕೊಳ್ಳಿ ಸಾರ್. ಯಾವ ಪದ ಅಂತಲೂ ಬರ್ಕೊಳ್ಳಿ."

ಅವರು ಪುಸ್ತಕ ಬಿಡಿಸಿ, ದಿನಾಂಕ ಹಾಕಿ, ಹೊತ್ತು ಹಾಕಿ, 'ಓದುವವರು ಏಳನೆಯ ಸಾಲಿನಲ್ಲಿ' ಎಂದು ಬರೆದರು. ಪೆನ್ನು ನಿಂತಿತು. ಅವರು ತಲೆ ಎತ್ತಿ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಮತ್ತೆ ತಲೆ ತಗ್ಗಿಸಿ, 'ಒಂದು ಪದ' ಎಂದು ಬರೆದು ಮುಗಿಸಿದರು.

ಮೇಷ್ಟ್ರು ಅಷ್ಟರಲ್ಲಿ ಖಾನೆ ಎಳೆದು ಮೊಂಡು ಪೆನ್ಸಿಲ್ ತೆಗೆದು ಎಡಗೈಗೆ ಕೊಟ್ಟಿದ್ದರು. ಬಲಗೈಯ ಕೆಂಪು ಪೆನ್ನಿನಿಂದ ಕರಡಿನ ಏಳನೆಯ ಸಾಲಿನಲ್ಲಿ, 'ಪ್ರಜೆಯೂ' ಮುಗಿದು 'ಪ್ರಶ್ನೆ' ಶುರುವಾಗುವ ಕಡೆ, ಸಾಲಿನ ಕೆಳಗೆ ಒಂದು ಚಿಕ್ಕ ಹಂಸಪಾದ ಹಾಕಿದರು. ಬಿಟ್ಟುಹೋದದ್ದು ಇಲ್ಲಿ ಸೇರಬೇಕು ಎಂಬುದಕ್ಕೆ ಅಚ್ಚಿನವರು ಹಾಕುವ ಗುರುತು ಅದು. ಸೇರಬೇಕಾದ ಪದವನ್ನು ಅದರ ನೇರಕ್ಕೆ ಅಂಚಿನಲ್ಲಿ ಬರೆಯಬೇಕು. ಮೇಷ್ಟ್ರು ಪೆನ್ನನ್ನು ಅಂಚಿಗೆ ಒಯ್ದರು. ನಿಬ್ಬು ಕಾಗದ ಮುಟ್ಟಿದ ಕಡೆ ಒಂದು ಕೆಂಪು ಚುಕ್ಕೆ ಮೂಡಿತು. ಚುಕ್ಕೆ ಅಗಲವಾಗುತ್ತ ಹೋಯಿತು.

"ಬರೀರಿ, ಮೇಷ್ಟ್ರೇ" ಎಂದಳು ಅವಳು ಮೆಲ್ಲಗೆ.

"ನೀನೇ ಬರಿ."

"ಓದೋರ ಕೈಗೆ ಪೆನ್ನು ಕೊಡೋ ಹಾಗಿಲ್ಲವಲ್ಲ."

ಅವರು ಪೆನ್ನು ಎತ್ತಿ ಮುಚ್ಚಳ ಹಾಕಿದರು. ಉಳಿದ ನಾಲ್ಕು ಸಾಲು ಓದಿ ಮುಗಿಯಿತು. ಚೀಟಿ ಬಂತು. 'ಓದಿದಂತೆ ತಿದ್ದಿದೆ.' ಅವಳು ಚೀಟಿಯನ್ನು ಎರಡು ಸಲ ಓದಿ, ಕರಡಿನ ಹಂಸಪಾದವನ್ನು ಒಮ್ಮೆ ನೋಡಿ, ಸಹಿ ಹಾಕಿದಳು. ಮೇಷ್ಟ್ರೂ ಹಾಕಿದರು. ಮೇಲ್ವಿಚಾರಕರು ಸಹಿ ಎರಡಿವೆಯೇ ಎಂದು ನೋಡಿ, ಕರಡನ್ನು ಮಡಚಿ ಪುಟ ಜೋಡಿಸುವ ವಿಭಾಗಕ್ಕೆ ಕಳಿಸಿದರು. ಚುಕ್ಕೆ ಬಿದ್ದ ಅಂಚು ಮಡಿಕೆಯ ಒಳಗಿತ್ತು.

ಪುಟ ಜೋಡಿಸುವವನಿಗೆ ಹಂಸಪಾದ ಕಂಡಿತು, ಪದ ಕಾಣಲಿಲ್ಲ. ಅವನು ಮೇಲ್ವಿಚಾರಕರ ಕಚೇರಿಗೆ ಮೂರು ಬಾರಿ ಫೋನು ಮಾಡಿ ಏನು ತುಂಬಬೇಕೆಂದು ಕೇಳಿದ. ಮೊದಲ ಸಲ ನೋಡಿ ಹೇಳುತ್ತೇವೆ ಎಂದರು, ಎರಡನೆಯ ಸಲ ಅಂಥದ್ದೇನೂ ಇಲ್ಲ ಎಂದರು, ಮೂರನೆಯ ಸಲ ಫೋನು ಎತ್ತಲಿಲ್ಲ. ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ನಿಯಮಗಳ ಹಲಗೆ ಅವನ ತಲೆಯ ಮೇಲೆ ಇನ್ನೂ ತೂಗುತ್ತಿತ್ತು. ಅದರ ಹದಿನಾಲ್ಕನೆಯ ನಿಯಮ: ಹಂಸಪಾದವಿದ್ದರೆ ಜಾಗ ಬಿಡು, ಪದ ಬಂದಾಗ ತುಂಬು. ಅವನು ನಾಲ್ಕಕ್ಷರದ ಜಾಗ ಬಿಟ್ಟ. ನಾಲ್ಕೇ ಯಾಕೆ ಎಂದು ಆಮೇಲೆ ವಿಚಾರಣೆಯಲ್ಲಿ ಕೇಳಿದಾಗ, ಅಳತೆ ಕೈಗೆ ತಾನಾಗಿ ಬಂತು ಎಂದ. ಅಷ್ಟು ಹೊತ್ತಿಗೆ ಒಂಬತ್ತು ಲಕ್ಷ ಪ್ರತಿ ಅಚ್ಚಾಗಿತ್ತು.

ಮೇಷ್ಟ್ರು ನಿಗದಿಯಾದ ದಿನ ನಿವೃತ್ತರಾದರು. ಅವಳ ಕಣ್ಣು ಸರಿಯಾಗಿದೆ ಎಂದು ಡಾಕ್ಟರು ಬರೆದುಕೊಟ್ಟರು. ಅವಳನ್ನು ಟಪಾಲು ವಿಭಾಗಕ್ಕೆ ಹಾಕಿದರು. ಶಾಲೆಗಳು ತೆರೆದ ಮೊದಲ ವಾರ ಮುದ್ರಣಾಲಯಕ್ಕೆ ನಲವತ್ತೊಂದು ಕಾಗದ ಬಂದವು. ಒಡೆದು, ಮೊಹರು ಒತ್ತಿ, ಸಂಖ್ಯೆ ಕೊಟ್ಟವಳು ಅವಳೇ. ಎಲ್ಲದರಲ್ಲೂ ಒಂದೇ ಪ್ರಶ್ನೆ ಇತ್ತು: ಏಳನೆಯ ಸಾಲಿನ ಖಾಲಿ ಜಾಗದಲ್ಲಿ ಏನಿತ್ತು? ನಲವತ್ತು ಕಾಗದಗಳಲ್ಲಿ ಬರೆದವರ ಹೆಸರಿರಲಿಲ್ಲ. ಒಂದರಲ್ಲಿ ಹೆಸರು, ತರಗತಿ, ಹಾಜರಿ ಸಂಖ್ಯೆ ಮೂರೂ ಇದ್ದವು.