ಕಾಲಿಗೆ ಕಟ್ಟಿದ ಹಗ್ಗ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಕಟ್ಟಿದವನು ಹಾಸಿಗೆ ಅತ್ತಿಗೆಯ ಅಂಗಡಿಗೆ ಒಂದು ಸಲ ಬಂದಿದ್ದರೆ ಗಾದೆಯನ್ನು ಅಲ್ಲೇ ವಾಪಸ್ಸು ತೆಗೆದುಕೊಳ್ಳುತ್ತಿದ್ದ. ಅವಳು ಗಿರಾಕಿಯನ್ನು ಮೊದಲು ಬರಿ ನೆಲದ ಮೇಲೆ ಮಲಗಿಸಿ, ಕಾಲು ಚಾಚಿಸಿ, ಆಮೇಲೆ ಅಳತೆ ಹಿಡಿಯುವವಳು. "ಕಾಲು ಮಡಚಿಕೊಂಡು ಅಳತೆ ಕೊಡಬೇಡಿ. ನಾಳೆ ಆ ಕಾಲನ್ನ ಹೆಂಡ್ತಿ ಮೇಲೆ ಹಾಕ್ತೀರಿ, ಅವಳು ಬಂದು ನನ್ನ ಬೈತಾಳೆ" ಎನ್ನುವಳು. ಬೀದಿಯಲ್ಲಿ ದೊಡ್ಡವರು ಚಿಕ್ಕವರು ಎಲ್ಲರಿಗೂ ಅವಳು ಅತ್ತಿಗೆಯೇ. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಅವಳ ಮೈದುನ ಒಬ್ಬನಿಗೆ.

ಅವಳ ಹಾಸಿಗೆಯಲ್ಲಿ ಹತ್ತಿ ಇರುತ್ತಿರಲಿಲ್ಲ. ಅಂಗಡಿಯ ಹಿಂಬಾಗಿಲು ತೆರೆದರೆ ಹಿನ್ನೀರು. ಅದರ ತಳದಲ್ಲಿ ಬೆಳೆಯುವ ನೀರುಹುಲ್ಲೇ ಅವಳ ಹತ್ತಿ. ಪೂರ್ತಿ ಉಪ್ಪೂ ಅಲ್ಲದ, ಸಿಹಿಯೂ ಅಲ್ಲದ ಆ ನೀರಿನಲ್ಲಿ ಯಾರೂ ಬಿತ್ತದೆ, ದಾರದಂಥ ಎಸಳುಗಳಾಗಿ ಏಳುವ ಹುಲ್ಲು. ಬಿಸಿಲು ಬಿದ್ದಾಗ ಎಸಳೆಸಳಿಗೂ ಬೆಳ್ಳಿಯ ಗುಳ್ಳೆ ಕೂತಿರುತ್ತಿತ್ತು. ಅದನ್ನು ಕೊಯ್ದು, ಬಾವಿನೀರಲ್ಲಿ ಜಾಲಾಡಿ, ಅಂಗಳದಲ್ಲಿ ಒಣಗಿಸಿ, ಕೋಲಿನಿಂದ ಬಡಿದು ತುಂಬಿದರೆ ಆ ಹಾಸಿಗೆಗೆ ತಿಗಣೆ ಹತ್ತುವುದಿಲ್ಲ ಎಂದು ಊರಿನವರ ನಂಬಿಕೆ. ಅಂಗಳದ ರಾಶಿಯ ಮೇಲೆ ಅವಳ ಕುಂಟು ಬೆಕ್ಕು ದಿನವಿಡೀ ಬಿದ್ದಿರುತ್ತಿತ್ತು. "ಮಾಲು ಪಾಸು ಮಾಡೋ ಮೇಸ್ತ್ರಿ ಅದು" ಎಂದು ಅತ್ತಿಗೆ ಗಿರಾಕಿಗಳಿಗೆ ತೋರಿಸುವಳು.

ಕೊಯ್ಯುವುದು ಮೈದುನನ ಕೆಲಸ. ಸದಾ ನೀರಲ್ಲೇ ಇರುವವನಾದ್ದರಿಂದ ಅವನಿಗೆ ಬಾತುಕೋಳಿ ಎಂದೇ ಹೆಸರು. ಅವಳು ಮದುವೆಯಾಗಿ ಬಂದಾಗ ಅವನಿಗಿನ್ನೂ ಹಾಲುಹಲ್ಲು ಬೀಳುತ್ತಿತ್ತು. ಆಮೇಲೆ ಗಂಡ ಹೋದ, ಅತ್ತೆ ಹೋದಳು, ಮನೆಯಲ್ಲಿ ಇವರಿಬ್ಬರೇ ಉಳಿದರು. ಹೆತ್ತಿರಲಿಲ್ಲ ಅಷ್ಟೇ, ಉಳಿದದ್ದೆಲ್ಲ ಅವನಿಗಾಗಿ ಮಾಡಿದ್ದಳು.

ಹಿನ್ನೀರು ಎದೆಮಟ್ಟ, ಆದರೆ ಅಲ್ಲಲ್ಲಿ ಗುಂಡಿ, ನಡುವೆ ಜೊಂಡಿನ ಮರೆ. ಹಾಗಾಗಿ ಕೊಯ್ಯುವವನ ಸೊಂಟಕ್ಕೆ ನಾರಿನ ಹಗ್ಗ ಕಟ್ಟುವುದು ಆ ಮನೆಯ ಪದ್ಧತಿ. ಇನ್ನೊಂದು ತುದಿ ದಡದಲ್ಲಿ ಕೂತವರ ಕಾಲಿಗೆ, ಏಕೆಂದರೆ ಅವರ ಕೈಯಲ್ಲಿ ದಬ್ಬಳ, ಹೊಲಿಗೆ. ಕೊಯ್ಯುವವನು ಆಗಾಗ ಹಗ್ಗ ಜಗ್ಗಬೇಕು. ಜಗ್ಗಿದರೆ "ಇದ್ದೇನೆ" ಎಂದು ಅರ್ಥ. "ಈ ತುದೀನ ಬೇರೆಯವರಿಗೆ ಕೊಡಬೇಡ. ಕೊಟ್ರೆ ಅವರು ಹಗ್ಗ ನೋಡ್ತಾರೆ, ಹುಡುಗನ್ನ ನೋಡಲ್ಲ" ಎಂದು ಅತ್ತೆ ಹೇಳಿಕೊಟ್ಟಿದ್ದಳು.

ಬಾತುಕೋಳಿ ಒಂದು ದಿನವೂ ನೆಟ್ಟಗೆ ಜಗ್ಗಿದವನಲ್ಲ. ಬಾಗಿಲು ಬಡಿದ ಹಾಗೆ ಒಮ್ಮೆ, ಕಚಗುಳಿ ಇಟ್ಟ ಹಾಗೆ ಒಮ್ಮೆ. ಸುಮ್ಮನೆ ಇದ್ದು ಇದ್ದು ಇದ್ದಕ್ಕಿದ್ದಂತೆ ಎಳೆದರೆ ಅವಳ ದಬ್ಬಳ ಬೆರಳಿಗೇ ಚುಚ್ಚಬೇಕು.

"ನಿನ್ನ ಕೈಗೆ ಶಿಸ್ತು ಅನ್ನೋದೇ ಇಲ್ವೇನೋ?"

"ಶಿಸ್ತು ಬೇಕಾದ್ರೆ ಕಾಲಿಗೆ ಗಡಿಯಾರ ಕಟ್ಕೊಳ್ಳಿ ಅತ್ತಿಗೆ. ನನ್ನ ಯಾಕೆ ಕಟ್ಕೋತೀರಿ?"

ಹೀಗೆ ನಡೆಯುತ್ತಿದ್ದಾಗ ಹೊಸ ಹಾಸ್ಟೆಲ್ಲಿನವರು ಬಂದು, ರಜೆ ಮುಗಿಯುವುದರೊಳಗೆ ಮಂಚಕ್ಕೊಂದರಂತೆ ಹಾಸಿಗೆ ಬೇಕು ಎಂದರು. ಅಷ್ಟು ದೊಡ್ಡ ಕೆಲಸ ಅವಳ ಅಂಗಡಿಗೆ ಎಂದೂ ಬಂದಿರಲಿಲ್ಲ. ಗಿಡ್ಡ ಹುಲ್ಲಾದರೆ ಹಾಸಿಗೆಯೊಳಗೆ ಗಂಟುಗಟ್ಟುತ್ತದೆ. ಉದ್ದ ಹುಲ್ಲಾದರೆ ಬೇಗ ತುಂಬುತ್ತದೆ, ಸಮನಾಗಿ ಕೂರುತ್ತದೆ. ಆದರೆ ಹುಲ್ಲು ಉದ್ದ ಬೆಳೆಯಲು ಬಿಡದ ಒಂದು ವಿಷಯವಿತ್ತು. ಹಿನ್ನೀರಿಗೂ ಸಮುದ್ರಕ್ಕೂ ನಡುವಿನ ಏರಿಯಲ್ಲಿ ಒಂದು ತೂಬು. ಅದನ್ನು ಕಾಯುವ ಮುದುಕನನ್ನು ಎಲ್ಲರೂ ತೂಬಿನ ಮಾವ ಎನ್ನುವರು. ಉಬ್ಬರ ಬಂದಾಗ ಮಾವ ಹಲಗೆ ಎತ್ತುವನು. ಸಮುದ್ರ ಒಳಗೆ ನುಗ್ಗಿ, ಹುಲ್ಲನ್ನೆಲ್ಲ ಬಾಚಿ, ತುದಿ ಹರಿದು, ಇಳಿತದಲ್ಲಿ ವಾಪಸ್ಸು ಹೋಗುವುದು.

ಅತ್ತಿಗೆ ಏರಿಗೆ ಹೋದಳು.

"ಮಾವ, ಸ್ವಲ್ಪ ದಿನ ಹಲಗೆ ಎತ್ತಬೇಡಿ. ನೀರು ಅಲ್ಲಾಡದೆ ಇದ್ರೆ ನನ್ನ ಹುಲ್ಲು ಉದ್ದ ಬರುತ್ತೆ."

"ಎತ್ತದೆ ಇದ್ರೆ ನಾನು ಇಲ್ಲಿ ಯಾಕಿರಬೇಕಮ್ಮ? ನನ್ನ ಕೆಲಸವೇ ಎತ್ತೋದು."

"ನಿಮ್ಮ ಸೊಂಟಕ್ಕೂ ವಿಶ್ರಾಂತಿ. ಆಮೇಲೆ ಆ ಸೊಂಟಕ್ಕೆ ನಾನೇ ಒಂದು ಹಾಸಿಗೆ ಹೊಲಿದು ಕೊಡ್ತೀನಿ."

ಮಾವ ಸೊಂಟ ಮುಟ್ಟಿ ನೋಡಿಕೊಂಡ. ಅದು ಎಷ್ಟೋ ವರ್ಷದಿಂದ ಅವನ ಜೊತೆ ಜಗಳವಾಡುತ್ತಿದ್ದ ಸೊಂಟ. "ಸರಿ ತಾಯಿ" ಎಂದ.

ಹಲಗೆ ಇಳಿಯಿತು. ಹುಲ್ಲು ಅವಳು ಹೇಳಿದ ಹಾಗೇ ಬೆಳೆಯಿತು. ಮೊಣಕಾಲು ದಾಟಿ, ಸೊಂಟ ದಾಟಿ, ನೀರಿನ ಮೇಲಕ್ಕೇ ಬಂದು ತಲೆಗೂದಲಿನಂತೆ ಹರಡಿಕೊಂಡಿತು. ಬಾತುಕೋಳಿ ಹೊರೆಯ ಮೇಲೆ ಹೊರೆ ತಂದ. ಅತ್ತಿಗೆ ಹೊಲಿದದ್ದೇ ಹೊಲಿದದ್ದು. ಗೋಡೆಗೊರಗಿ ಹಾಸಿಗೆಗಳ ಸಾಲು ಏರುತ್ತಾ ಬಂತು.

ಮೊದಲು ಬಂದದ್ದು ಪಾಚಿ. ನೀರಿನ ಮೇಲೆ ಹಸಿರು ಕೆನೆ ಕಟ್ಟಿತು, ಬಿಸಿಲು ತಳಕ್ಕೆ ಇಳಿಯುವುದು ನಿಂತಿತು. ಬೆಳ್ಳಿಗುಳ್ಳೆ ಮಾಯವಾಯಿತು. ನೀರಿಗಿಳಿದರೆ ಕಾಲಿಗೆ ಟಕಟಕ ಹಾಯುತ್ತಿದ್ದ ಸೀಗಡಿಗಳು ಒಂದೂ ಹಾಯಲಿಲ್ಲ. "ನಾನು ಒಬ್ಬನೇ ಇದ್ದ ಹಾಗಿತ್ತು ಅತ್ತಿಗೆ, ಒಳಗೆ" ಎಂದು ಬಾತುಕೋಳಿ ಊಟಕ್ಕೆ ಕೂತು ಹೇಳಿದ. ಅವನು ಅಂಥ ಮಾತಾಡುವವನಲ್ಲ. ಅತ್ತಿಗೆ ತಟ್ಟೆಗೆ ಬಡಿಸುವುದನ್ನು ನಿಲ್ಲಿಸಿ ನೋಡಿದಳು. ಅವನು ನಕ್ಕುಬಿಟ್ಟ. "ನೆಂಟರೆಲ್ಲ ಮನೆ ಖಾಲಿ ಮಾಡಿದಾರೆ, ಬಾಡಿಗೆ ಕೇಳೋಕೆ ಯಾರೂ ಇಲ್ಲ."

ಹಕ್ಕಿಗಳು ಬರುವುದು ನಿಂತಿತು. ಬೇರನ್ನು ತಳದಲ್ಲೇ ಬಿಟ್ಟು ತುಂಡಾಗಬೇಕಾದ ಹುಲ್ಲು ಕುಡುಗೋಲು ತಾಗಿಸುವ ಮೊದಲೇ ಬೇರುಸಮೇತ ಕೈಗೆ ಬರತೊಡಗಿತು. ಬೇರಿನ ಬಣ್ಣ ಕಪ್ಪು. ಒಂದು ಬೆಳಿಗ್ಗೆ ಅತ್ತಿಗೆ ನೋಡುತ್ತಾಳೆ, ಕುಂಟು ಬೆಕ್ಕು ಅಂಗಳದ ರಾಶಿ ಬಿಟ್ಟು ಬರಿ ಕಲ್ಲಿನ ಮೇಲೆ ಮಲಗಿದೆ. ಎತ್ತಿ ರಾಶಿಯ ಮೇಲೆ ಬಿಟ್ಟಳು. ಬೆಕ್ಕು ಕಾಲು ಸುಟ್ಟ ಹಾಗೆ ಹಾರಿ ಮತ್ತೆ ಕಲ್ಲಿಗೇ ಹೋಯಿತು. ಮೇಸ್ತ್ರಿ ಮಾಲು ಪಾಸು ಮಾಡಲಿಲ್ಲ.

ಅವಳಿಗೆ ಗೊತ್ತಾಗಲಿಲ್ಲ ಎನ್ನುವ ಹಾಗಿಲ್ಲ. ಗೊತ್ತಾಯಿತು. ಆದರೆ ಹಾಸ್ಟೆಲ್ಲಿನ ಕೆಲಸ ಮುಗಿಯಲು ಇನ್ನು ಒಂದೇ ದಿನದ ಕೊಯ್ಲು ಸಾಕಿತ್ತು.

ಆ ದಿನ ದಡದಲ್ಲಿ ಹಗ್ಗ ಬಿಚ್ಚುತ್ತಾ ಅವಳು ಹೇಳಿದಳು, "ಇವತ್ತು ಬೇಡ ಕಣೋ. ನೀರಿನ ಮುಖ ಸರಿಯಿಲ್ಲ."

"ನನ್ನ ಮುಖ ಸರಿಯಿದ್ಯಲ್ಲ, ಸಾಕು ಬಿಡಿ. ನಡುಗುಂಡಿಯಲ್ಲಿ ಹುಲ್ಲು ನಿಮ್ಮ ಜಡೆಯಷ್ಟು ಉದ್ದ ಇದೆ. ಅದೊಂದು ತಂದ್ರೆ ನಿಮ್ಮ ಹಾಸ್ಟೆಲ್ಲು ಗೊರಕೆ ಹೊಡೀಬಹುದು."

ಎರಡನೇ ಸಲ ಬೇಡ ಎಂದಿದ್ದರೆ ಅವನು ನಿಲ್ಲುತ್ತಿದ್ದ. ಅವಳು ಎರಡನೇ ಸಲ ಹೇಳಲಿಲ್ಲ. ಅವನ ಸೊಂಟಕ್ಕೆ ಗಂಟು ಹಾಕಿ, ಗಂಟಿನ ಮೇಲೆ ಒಂದು ಏಟು ಹೊಡೆದಳು. ಅವನು ಪಾಚಿಯನ್ನು ಎರಡೂ ಕೈಯಿಂದ ಪರದೆಯಂತೆ ಸರಿಸಿಕೊಂಡು ಹೋದ. ಜೊಂಡಿನ ಹಿಂದೆ ಮರೆಯಾದ.

ಅವಳು ಹಗ್ಗದ ತುದಿ ಪಾದಕ್ಕೆ ಕಟ್ಟಿಕೊಂಡು ಹೊಲಿಗೆಗೆ ಕೂತಳು. ಬಾಗಿಲು ಬಡಿದ ಹಾಗೆ ಹಗ್ಗ ಜಗ್ಗಿತು. ಸ್ವಲ್ಪ ಹೊತ್ತಿಗೆ ಕಚಗುಳಿ. ಆಮೇಲೆ ಏನೂ ಇಲ್ಲ. ಅವಳು ದಬ್ಬಳ ನಿಲ್ಲಿಸುವಷ್ಟರಲ್ಲಿ ಮತ್ತೆ ಜಗ್ಗಿತು, ಮೆಲ್ಲಗೆ. ಅವಳು ಹೊಲಿದಳು. ಮತ್ತೆ ಜಗ್ಗಿತು, ಮೆಲ್ಲಗೆ.

ತೂಬಿನ ಮಾವ ಮೂಗಿಗೆ ಹೆಗಲ ವಲ್ಲಿ ಒತ್ತಿಕೊಂಡು ಏರಿಯಿಂದ ಇಳಿದು ಬಂದ.

"ಏನಮ್ಮ ಇದು, ಮೊಟ್ಟೆ ಕೊಳೆತ ವಾಸನೆ ನನ್ನ ಗುಡಿಸಿಲಿಗೇ ಬರ್ತಿದೆ. ಸಾಕು, ಹಲಗೆ ಎತ್ತಿಬಿಡ್ತೀನಿ."

"ಇವತ್ತೊಂದು ದಿನ ಮಾವ. ಅವನು ಒಳಗಿದಾನೆ. ಈಗ ಎತ್ತಿದ್ರೆ ನೀರು ನುಗ್ಗಿ ಅವನನ್ನ ಎಳ್ಕೊಂಡು ಹೋಗುತ್ತೆ."

"ಈ ವಾಸನೆ ಒಳಗೆ ಹುಡುಗನ್ನ ಬಿಟ್ಟಿದ್ಯಾ?"

"ಆರಾಮಾಗಿದಾನೆ. ನೋಡಿ, ಹಗ್ಗ ಜಗ್ತಾ ಇದಾನೆ." ಅವಳು ಪಾದ ಚಾಚಿ ತೋರಿಸಿದಳು.

ಇಬ್ಬರೂ ಪಾದವನ್ನೇ ನೋಡಿದರು. ಹಗ್ಗ ಜಗ್ಗಿತು. ಸಡಿಲವಾಯಿತು. ಜಗ್ಗಿತು. ಸಡಿಲವಾಯಿತು. ತೊಟ್ಟಿಲು ತೂಗುವ ಹಾಗೆ, ಒಂದರಷ್ಟೇ ಇನ್ನೊಂದು.

"ಪಾಪ, ಎಷ್ಟು ಅಚ್ಚುಕಟ್ಟಾಗಿ ಜಗ್ತಾನೆ" ಎಂದ ಮಾವ.

ಅತ್ತಿಗೆಯ ಕೈಯಿಂದ ದಬ್ಬಳ ಜಾರಿತು. ಇವನು ಅಚ್ಚುಕಟ್ಟು ಯಾವಾಗ ಕಲಿತ? ಅವಳು ತಲೆಯೆತ್ತಿ ನೀರು ನೋಡಿದಳು. ಬೆಳಗಿನ ಗಾಳಿಗೆ ಪಾಚಿಯ ಮೇಲೆ ಸಣ್ಣ ಅಲೆ ಏಳುತ್ತಿತ್ತು. ಅಲೆ ಏಳುತ್ತಿತ್ತು, ಹಗ್ಗ ಜಗ್ಗುತ್ತಿತ್ತು. ಅಲೆ ಬೀಳುತ್ತಿತ್ತು, ಸಡಿಲವಾಗುತ್ತಿತ್ತು.

ಎರಡೂ ಕೈಯಿಂದ ಎಳೆದಳು. ಭಾರವಾಗಿ ಏನೋ ಬಂತು. ಜೊಂಡಿನ ಸಂದಿಯಿಂದ ಹೊರಬಿದ್ದದ್ದು ಒಂದು ದೊಡ್ಡ ಹುಲ್ಲಿನ ಹೊರೆ, ಅದರ ಸುತ್ತ ಅವಳೇ ಕೊಟ್ಟ ಹಗ್ಗ. ಉದ್ದ ಹುಲ್ಲಿನ ಹೊರೆ ಭಾರ. ತೇಲಿ ಹೋಗದಿರಲಿ ಎಂದು ಅವನು ಸೊಂಟದ ಹಗ್ಗ ಬಿಚ್ಚಿ ಅದಕ್ಕೆ ಕಟ್ಟಿದ್ದ. ಇಷ್ಟು ಹೊತ್ತು ಅವಳ ಕಾಲಿಗೆ "ಇದ್ದೇನೆ, ಇದ್ದೇನೆ" ಎಂದು ಹೇಳುತ್ತಿದ್ದದ್ದು ಹುಲ್ಲು.

ಅವಳು ಹೊರೆಯಿಂದ ಹಗ್ಗ ಬಿಚ್ಚಿ ತನ್ನ ಸೊಂಟಕ್ಕೆ ಸುತ್ತಿದಳು. ಇನ್ನೊಂದು ತುದಿಯನ್ನು ಮಾವನ ಕೈಗೆ ಕೊಟ್ಟಳು. ಬೇರೆಯವರಿಗೆ ಕೊಡಬಾರದಿತ್ತು, ಕೊಡಲು ಬೇರೆ ಯಾರೂ ಇರಲಿಲ್ಲ.

"ಮಾವ, ಸುಮ್ಮನೆ ಜಗ್ಗಿದ್ರೆ ನಂಬಬೇಡಿ, ಅದು ಅಲೆ ಇರಬಹುದು. ಹುಚ್ಚರ ಹಾಗೆ ಜಗ್ಗಿದ್ರೆ ನಾನು ಅಂತ ತಿಳ್ಕೊಂಡು ಎಳೀರಿ."

ಒಳಗೆ ಹೆಜ್ಜೆ ಇಟ್ಟಲ್ಲೆಲ್ಲ ಕೆಸರಿನಿಂದ ಗುಳ್ಳೆ ಎದ್ದು ಮುಖದ ಹತ್ತಿರ ಒಡೆಯುತ್ತಿತ್ತು. ಹಿಡಿಯಲು ಹೋದರೆ ಹುಲ್ಲು ಲೋಳೆ ಲೋಳೆಯಾಗಿ ಬೇರುಸಮೇತ ಕೈಗೆ ಬರುತ್ತಿತ್ತು. ಆ ನೀರಿನಲ್ಲಿ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ವಾಸನೆ ಮೂಗಿಗೆ ಗುದ್ದುತ್ತಿತ್ತು. ಜೊಂಡು ದಾಟಿದ ಮೇಲೆ ಆ ವಾಸನೆ ಒಮ್ಮೆಗೇ ನಿಂತಿತು. ಗಾಳಿ ತಿಳಿಯಾಯಿತು, ಸದ್ಯ, ಎಂದುಕೊಂಡಳು. ಆದರೆ ತಲೆ ಹಗುರವಾಗುತ್ತಿತ್ತು.

ಅವನು ನಡುಗುಂಡಿಯ ಅಂಚಿನಲ್ಲಿದ್ದ. ಎರಡನೇ ಹೊರೆಯ ಮೇಲೆ ಎದೆಯಿಟ್ಟು, ಕೆನ್ನೆ ಇಟ್ಟು, ನಿದ್ದೆ ಬಂದವನ ಹಾಗೆ. ಹೊರೆ ಅವನ ಬಾಯಿಯನ್ನು ನೀರಿನಿಂದ ನಾಲ್ಕು ಬೆರಳು ಮೇಲೆ ಹಿಡಿದಿತ್ತು, ಅಷ್ಟೇ.

"ಏಯ್. ಏಳೋ. ಅತ್ತಿಗೆ ಬಂದಿದೀನಿ."

ಕಣ್ಣು ಅರ್ಧ ತೆರೆದಿತ್ತು, ಅವಳನ್ನು ನೋಡಲಿಲ್ಲ. ಅವನ ಕಂಕುಳಿಗೆ ಕೈ ಹಾಕಿ ತಬ್ಬಿಕೊಂಡು, ಉಳಿದ ಕೈಯಿಂದ ಹಗ್ಗ ಜಗ್ಗಿದಳು. ಅಲೆ ಜಗ್ಗದ ಹಾಗೆ ಜಗ್ಗಬೇಕಿತ್ತು. ಬಾಗಿಲು ಬಡಿದ ಹಾಗೆ ಜಗ್ಗಿದಳು, ಕಚಗುಳಿಯಿಟ್ಟ ಹಾಗೆ ಜಗ್ಗಿದಳು, ಅವನು ವರ್ಷಗಟ್ಟಲೆ ಅವಳ ಕಾಲಿಗೆ ಆಡಿದ ತುಂಟಾಟವನ್ನೆಲ್ಲ ಒಂದರ ಹಿಂದೊಂದು ಜಗ್ಗಿದಳು. ಹಗ್ಗ ಬಿಗಿಯಾಯಿತು. ಸೊಂಟನೋವಿನ ಮುದುಕ ಇಬ್ಬರನ್ನೂ ಎಳೆದು ತಂದ.

ಡಾಕ್ಟರು ಬಂದರು, ಎದೆ ಕೇಳಿದರು, ಕಣ್ಣಿಗೆ ಬೆಳಕು ಬಿಟ್ಟರು. "ಕೊಳೆತ ನೀರಿನ ವಿಷಗಾಳಿ ಕುಡಿದಿದಾನೆ, ಆದ್ರೆ ಉಸಿರಿದೆ. ಆಂಬುಲೆನ್ಸಿಗೆ ಹೇಳಿದೀನಿ, ಬರೋಕೆ ಸಂಜೆ ಆಗುತ್ತೆ. ಅಲ್ಲಿವರೆಗೆ ಗಾಳಿಯಾಡೋ ಕಡೆ ಮಲಗಿಸಿ, ಮಾತಾಡಿಸ್ತಾ ಇರಿ. ಎದ್ದರೂ ಮೊದಲಿನ ಹುಡುಗ ಎಷ್ಟು ವಾಪಸ್ ಬರ್ತಾನೆ ಅಂತ ನಾನು ಈಗ ಹೇಳಲಾರೆ." ಅತ್ತಿಗೆಗೆ ಆ ಮಾತು ವಿಚಿತ್ರವೆನಿಸಲಿಲ್ಲ. ಆ ಹುಡುಗನೊಳಗೆ ಎಷ್ಟು ಜನ ಇದ್ದರೆಂದು ಅವಳ ಕಾಲಿಗೆ ಗೊತ್ತಿತ್ತು.

ಅವನನ್ನು ಅಂಗಡಿಯಲ್ಲೇ, ಹಿಂಬಾಗಿಲಿನ ಹತ್ತಿರ, ಹೊಸ ಹಾಸಿಗೆಯೊಂದನ್ನು ಎಳೆದು ಅದರ ಮೇಲೆ ಮಲಗಿಸಿದ್ದಳು. ಮಾವ ಹಲಗೆ ಎತ್ತಿ ಬಂದು ಹೊಸ್ತಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಅವನ ಕಾಲಬುಡದಲ್ಲಿ ಕುಂಟು ಬೆಕ್ಕು, ಅದೂ ಒಳಗೆ ಬರಲಿಲ್ಲ.

"ಬನ್ನಿ ಮಾವ. ಯಾಕೆ ಮೂಗು ಮುಚ್ಕೊಂಡಿದೀರಿ? ವಾಸನೆ ಎಲ್ಲ ಹೋಯ್ತಲ್ಲ."

ಮಾವ ಅವಳ ಮುಖವನ್ನೇ ನೋಡಿದ. "ಇಲ್ಲ ತಾಯಿ. ಹೋಗಿಲ್ಲ. ಇಲ್ಲಿ ಜಾಸ್ತಿ ಇದೆ. ನಿನಗೆ ಗೊತ್ತಾಗ್ತಿಲ್ವಾ?"

ಅವಳು ಉಸಿರೆಳೆದು ನೋಡಿದಳು. ಏನೂ ಇರಲಿಲ್ಲ. ಹೊಸ ಬಟ್ಟೆಯ ಗಂಜಿಯ ವಾಸನೆಯೂ ಇಲ್ಲ, ಅವನ ಒದ್ದೆ ತಲೆಯ ಕೆಸರಿನದೂ ಇಲ್ಲ. ಹೋಗಿದ್ದದ್ದು ವಾಸನೆಯಲ್ಲ, ಅವಳ ಮೂಗು. ಗೋಡೆಗೊರಗಿದ ಹಾಸಿಗೆಗಳ ಸಾಲು ನೋಡಿದಳು, ಅವನು ಮಲಗಿದ್ದ ಹಾಸಿಗೆ ನೋಡಿದಳು. ಎಲ್ಲವೂ ಮುಚ್ಚಿದ ತೂಬಿನ ಹುಲ್ಲು.

ಇಬ್ಬರೂ ಸೇರಿ ಅವನನ್ನು ಬೀದಿಬದಿಯ ಜಗುಲಿಗೆ ಹೊತ್ತರು. ಬರಿ ಕಲ್ಲಿನ ಮೇಲೆ, ಮಾವನ ವಲ್ಲಿಯನ್ನು ತಲೆಗಿಟ್ಟು ಮಲಗಿಸಿದರು. ಆಮೇಲೆ ಅವಳು ಕತ್ತರಿ ಹಿಡಿದು ಹಾಸಿಗೆಗಳ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಒಳಗಿನ ಹುಲ್ಲು ಕಪ್ಪಾಗಿ, ಬೆಚ್ಚಗಿತ್ತು. ಹಾಸ್ಟೆಲ್ಲಿನ ಕೆಲಸ ಅಲ್ಲಿಗೆ ಮುಗಿಯಿತು. ಅದು ಅವಳಿಗೆ ನೆನಪಾದದ್ದೂ ಇಲ್ಲ. ಅಂಗಡಿಯ ಹಿಂಬದಿಯಲ್ಲಿ ಸಮುದ್ರ ಒಳಗೆ ಬರುವ ಸದ್ದು ಕೇಳುತ್ತಿತ್ತು. ಬುಡ ಬಿಟ್ಟ ಹುಲ್ಲೆಲ್ಲ ಎದ್ದು, ಮಡಿಕೆ ಮಡಿಕೆಯಾಗಿ, ಹಿಂಬಾಗಿಲಿನ ಮೆಟ್ಟಿಲಿಗೆ ಬಂದು ಒರಗತೊಡಗಿತ್ತು.

ಅವಳು ಜಗುಲಿಗೆ ಬಂದು ಅವನ ಪಕ್ಕ ಕೂತಳು. ಅವನ ಕೈಯನ್ನು ಅವನ ಎದೆಯ ಮೇಲಿಟ್ಟು, ಮಣಿಕಟ್ಟಿಗೆ ಹಗ್ಗದ ಒಂದು ತುದಿ ಕಟ್ಟಿದಳು. ಇನ್ನೊಂದನ್ನು ತನ್ನ ಪಾದಕ್ಕೆ.

"ಮಾತಾಡಿಸ್ತಾ ಇರಿ ಅಂದಿದಾರೆ ಡಾಕ್ಟರು. ನಾನು ಮಾತಾಡ್ತೀನಿ. ನಿನಗೆ ಬಾಯಿ ಬಾರದಿದ್ರೆ ಹಗ್ಗ ಇದೆ" ಎಂದಳು.

ಉಸಿರಿಗೆ ಎದೆ ಏರಿತು, ಹಗ್ಗ ಜಗ್ಗಿತು. ಎದೆ ಇಳಿಯಿತು, ಸಡಿಲವಾಯಿತು. ಜಗ್ಗಿತು, ಸಡಿಲವಾಯಿತು, ಒಂದರಷ್ಟೇ ಇನ್ನೊಂದು, ಗಡಿಯಾರದ ಹಾಗೆ.

"ಶಿಸ್ತು ಬೇಡ ಕಣೋ" ಎಂದಳು ಅತ್ತಿಗೆ, ಪಾದವನ್ನೇ ನೋಡುತ್ತಾ. "ಒಂದೇ ಒಂದು ಸಲ ತಪ್ಪಾಗಿ ಜಗ್ಗು."