ಎರಡು ಬೆರಳು ವಾಲಿದ ಗೋಡೆ

ಅಣ್ಣತಮ್ಮಂದಿರು ಊರು ಬಿಟ್ಟದ್ದು ಒಂದೇ ಬಸ್ಸಿನಲ್ಲಿ. ಅಣ್ಣ ಗಾರೆ ಕೆಲಸ ಕಲಿತ, ತಮ್ಮನಿಗೂ ಕೈಹಿಡಿದು ಕಲಿಸಿದ. ಅಣ್ಣನದು ಕೈ ಚುರುಕು, ತಮ್ಮನದು ಬಾಯಿ. ಪಟ್ಟಣ ಬೆಳೆಯುತ್ತ ಹೋದಂತೆ ಬಾಯಿಗೇ ಬೆಲೆ ಬಂತು. ಇಪ್ಪತ್ತು ವರ್ಷದಲ್ಲಿ ತಮ್ಮ ಕಂಟ್ರಾಕ್ಟರ್ ಆದ, ಕಾರು ಕೊಂಡ, ಮಹಡಿ ಮನೆ ಕಟ್ಟಿಸಿದ. ಅಣ್ಣ ಅದೇ ತಗಡಿನ ಕೋಣೆಯಲ್ಲಿದ್ದುಕೊಂಡು ತಮ್ಮನ ಕೈಕೆಳಗೇ ಕರಣೆ ಹಿಡಿದ. ಕೆಲಸದ ಜಾಗದಲ್ಲಿ ತಮ್ಮನನ್ನು ‘ಸಾರ್’ ಎನ್ನುವುದೂ ರೂಢಿಯಾಗಿಹೋಯಿತು.

ಅಂದು ಮಧ್ಯಾಹ್ನ ಕಟ್ಟಡದ ಮಾಲೀಕ ಇಂಜಿನಿಯರನ್ನು ಕರೆತಂದ. ಇಂಜಿನಿಯರ್ ನಾಲ್ಕನೆಯ ಮಹಡಿಯ ಗೋಡೆಗೆ ತೂಗುಗುಂಡು ಇಳಿಬಿಟ್ಟ. ಗೋಡೆ ಎರಡು ಬೆರಳು ವಾಲಿತ್ತು.

“ಯಾರ್ರೀ ಕಟ್ಟಿದ್ದು ಇದನ್ನ?” ಎಂದ ಮಾಲೀಕ.

ಆಚೆ ಬದಿ ಗಾರೆ ಮೆತ್ತುತ್ತಿದ್ದ ಅಣ್ಣನತ್ತ ತಮ್ಮ ನೋಡಲಿಲ್ಲ. “ಯಾರೋ ಮುದುಕ ಸಾರ್. ಪಾಪ ಅಂತ ಇಟ್ಕೊಂಡಿದ್ದೆ. ನಾಳೆಯಿಂದ ಬರಲ್ಲ ಬಿಡಿ.”

ಅಣ್ಣ ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡ. ನಾಲ್ಕು ಮಹಡಿ ಇಳಿಯುವಷ್ಟರಲ್ಲಿ ಮೂರು ಸಲ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ!

ಸಂಜೆ ತಮ್ಮ ಬಂದ. ಓಣಿಯೊಳಗೆ ಕಾರು ಹಿಡಿಸದೆ, ದೂರದಲ್ಲೇ ನಿಲ್ಲಿಸಿ ಕೊಚ್ಚೆ ದಾಟಿಕೊಂಡು ಬಂದಿದ್ದ. ಬಾಗಿಲಲ್ಲೇ ನಿಂತ.

“ಅಣ್ಣಾ, ಅವರ ಮುಂದೆ ಇನ್ನೇನ್ ಹೇಳ್ಲಿ? ನಮ್ಮಣ್ಣ ಅಂದಿದ್ರೆ ಕಂಟ್ರಾಕ್ಟೇ ಹೋಗ್ತಿತ್ತು. ಮೂವತ್ತು ಜನರ ಹೊಟ್ಟೆಪಾಡು ನನ್ನ ತಲೆ ಮೇಲಿದೆ.”

“ಮೊದ್ಲು ಒಳಗೆ ಬಾರೋ. ಗೋಡೆ ವಾಲಿದ್ದು ಸುಳ್ಳೇನಲ್ಲ. ನನ್ನ ಕಣ್ಣು ಮಂಜಾಗಿ ವರ್ಷ ಆಯ್ತು.”

“ಒಂದ್ ಮಾತು ಹೇಳ್ಬಾರ್ದಿತ್ತಾ?”

“ತಮ್ಮ ಸಿಕ್ಕಿದ್ರೆ ತಾನೇ ಹೇಳೋದು? ದಿನಾ ಸಿಗ್ತಿದ್ದದ್ದು ಬರೀ ‘ಸಾರ್’.”

ತಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದ. ಚಾಪೆಯ ಮೇಲೆ ಕುಸಿದು ಕುಳಿತ. ಮಾಲೀಕ ಎರಡು ಕಂತಿನ ಹಣ ಕೊಡದೆ ಉಳಿಸಿಕೊಂಡಿದ್ದು, ಕಾರಿನ ಸಾಲ, ಬ್ಯಾಂಕಿನವರ ಕಾಟ ಎಲ್ಲವನ್ನೂ ಹೇಳಲು ಶುರುಮಾಡಿದವನು, ಅರ್ಧಕ್ಕೇ ಅಲ್ಲೇ ಒರಗಿ ನಿದ್ದೆಹೋದ. ಅವನ ಹಣೆಯ ಮೇಲಿನ ಕೂದಲು ಎಷ್ಟೊಂದು ಬೆಳ್ಳಗಾಗಿದೆ ಎಂಬುದು ಅಣ್ಣನ ಮಂಜುಗಣ್ಣಿಗೂ ಕಂಡಿತು. ತಮ್ಮನ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಎಬ್ಬಿಸುವ ಮನಸ್ಸಾಗಲಿಲ್ಲ.

ಆಮೇಲೆ ತಮ್ಮ ಕನ್ನಡಕ ಕೊಡಿಸಿದ. ತನ್ನ ಸಿಮೆಂಟಿನ ಗೋದಾಮು ಕಾಯುವ ಕೆಲಸ ಕೊಟ್ಟ. ಅಣ್ಣ ಬೇಡವೆನ್ನಲಿಲ್ಲ. ದಿನವಿಡೀ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾನೆ. ಒಂದು ಕಾಲಕ್ಕೆ ತಾವಿಬ್ಬರು ಬಂದಂತೆ ಹೊಸದಾಗಿ ಊರಿಂದ ಬಂದವರು ಗಂಟುಮೂಟೆ ಹೊತ್ತು ದಾರಿ ಕೇಳಿದರೆ, ಎದ್ದು ನಿಂತು ಕೈತೋರಿಸಿ ಹೇಳುತ್ತಾನೆ.